ಡಿಗ್ರಿ ಬಾರದ ಹಾಲು

ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನಕ್ಕೇ ಎರಡು ಸಲ ಡುಮ್ಕಿ ಹೊಡೆದವನ ಕೈಗೆ ಊರಿನವರು ಹಾಲಿನ ಸತ್ಯಾಸತ್ಯ ಹೇಳುವ ಕೆಲಸ ಕೊಟ್ಟರು ಅಂದರೆ ನಗಬೇಡಿ. ಕಿಕ್ಕೇರಿಯಿಂದ ಒಳಕ್ಕೆ ತಿರುಗುವ ಮಣ್ಣುರಸ್ತೆಯ ಕೊನೆಯ ಕೊಪ್ಪಲಿನಲ್ಲಿ ಡೈರಿ ಶುರುವಾದಾಗ, ಅಷ್ಟಾದರೂ ಓದಿ ಊರಲ್ಲೇ ಉಳಿದಿದ್ದವನು ಚಿಕ್ಕಸ್ವಾಮಿ ಒಬ್ಬನೇ. ಮಂಡ್ಯಕ್ಕೆ ಕರೆಸಿ ಕೆಲವು ದಿನ ತರಬೇತಿ ಕೊಟ್ಟು, ಕೈಗೊಂದು ಲ್ಯಾಕ್ಟೋಮೀಟರು ಕೊಟ್ಟು ಕಳಿಸಿದರು. ಅದೊಂದು ಗಾಜಿನ ಕಡ್ಡಿ. ಬುಡದಲ್ಲಿ ಬುರುಡೆ, ಮೇಲೆ ಗೆರೆಗಳು. ಹಾಲಿಗೆ ಬಿಟ್ಟರೆ ತೇಲುತ್ತದೆ. ಗೊತ್ತುಮಾಡಿದ ಗೆರೆಗೆ ನಿಂತರೆ ಹಾಲು ಗಟ್ಟಿ. ಅದಕ್ಕಿಂತ ಕೆಳಕ್ಕೆ ಮುಳುಗಿದರೆ ಹಾಲು ತೆಳು, ಅಂದರೆ ನೀರು ಬಿದ್ದಿದೆ. ಊರಿನವರು ಇದಕ್ಕೆ ಡಿಗ್ರಿ ಅನ್ನುತ್ತಿದ್ದರು. ಕೊಪ್ಪಲಿನಲ್ಲಿ ಬಿ.ಎ. ಪಾಸಾದವರು ಒಬ್ಬರೂ ಇರಲಿಲ್ಲ, ಆದರೆ ದಿನಾ ಬೆಳಗ್ಗೆ ಎಲ್ಲರ ಮನೆ ಹಾಲಿಗೂ ಡಿಗ್ರಿ ಬರುತ್ತಿತ್ತು.

ಹಲವು ವರ್ಷ ಚಿಕ್ಕಸ್ವಾಮಿಗೆ ಎರಡೇ ಮಾತು. 'ಬಂತು', 'ಬರಲಿಲ್ಲ'. ಕಡ್ಡಿ ಹೇಳಿದ್ದನ್ನು ಅವನು ಹೇಳುತ್ತಿದ್ದ. ಕಡ್ಡಿ ಯಾಕೆ ಹಾಗೆ ಹೇಳುತ್ತದೆ ಅಂತ ಅವನು ಒಂದು ದಿನವೂ ಕೇಳಿಕೊಂಡವನಲ್ಲ. ಗಡಿಯಾರ ನೋಡಿ ಗಂಟೆ ಹೇಳುವವನು ಗಡಿಯಾರ ಬಿಚ್ಚಬೇಕೆಂದೇನೂ ಇಲ್ಲವಲ್ಲ. ಸಂಬಳ ಸಣ್ಣದು, ಮರ್ಯಾದೆ ದೊಡ್ಡದು, ಬೆಳಗ್ಗೆ ಸಂಜೆ ಎರಡು ಹೊತ್ತು ಕೆಲಸ, ನಡುವೆ ಗದ್ದೆ. ಸುಖವಾಗಿದ್ದ.

ಇರಲಾರದೆ ಇರುವೆ ಬಿಟ್ಟುಕೊಂಡದ್ದು ತೊಂಬತ್ನಾಲ್ಕರ ಬೇಸಿಗೆಯಲ್ಲಿ. ಶಿವರಾತ್ರಿ ಕಳೆದಿತ್ತು. ಸಾಲಿನಲ್ಲಿ ನಿಂತ ಹೆಂಗಸರ ಕ್ಯಾನುಗಳಿಗೆ ಒಂದೊಂದಾಗಿ ಕಡ್ಡಿ ಬಿಡುತ್ತ ಬಂದವನು, ಒಂದು ಕ್ಯಾನಿನ ಹಾಲಿಗೆ ಬಿಟ್ಟು ಅಭ್ಯಾಸಬಲದಿಂದ 'ಬರಲಿಲ್ಲ' ಅಂದುಬಿಟ್ಟ. ಆಮೇಲೆ ತಲೆಯೆತ್ತಿ ನೋಡಿದರೆ ಎದುರಿಗೆ ಅವನ ಅತ್ತೆ.

ಪುಟ್ಟಗೌರಮ್ಮ ಅವನ ಹೆಂಡತಿ ಯಶೋದಳ ತಾಯಿ, ಅದೇ ಊರಿನವಳು, ಮಗಳ ಮನೆಯಿಂದ ನಾಲ್ಕು ಬಾಗಿಲು ಆಚೆ ಇರುವವಳು. ಗಂಡ ಹೋದ ಮೇಲೆ ಒಂದು ಸೀಮೆಹಸು ಕಟ್ಟಿಕೊಂಡು ಯಾರ ಹಂಗೂ ಇಲ್ಲದೆ ಬದುಕಿದವಳು. ಅವಳ ಬಾಯಿಂದ ಸುಳ್ಳು ಬಂದದ್ದನ್ನು ಊರು ಕೇಳಿರಲಿಲ್ಲ. ಪಂಚಾಯ್ತಿಯಲ್ಲಿ ಸಾಕ್ಷಿ ಬೇಕಾದರೆ 'ಪುಟ್ಟಗೌರವ್ವನ್ನ ಕೇಳಿ' ಅನ್ನುವಷ್ಟು ಹೆಸರು. ಅಂಥವಳು ಕ್ಯಾನು ಹಿಡಿದು ನಿಂತಿದ್ದಳು. ಸಾಲಿನ ಹೆಂಗಸರೆಲ್ಲ ಅವಳನ್ನೇ ನೋಡುತ್ತಿದ್ದರು.

"ಏನಂದ್ರಿ ಅಳಿಯಂದ್ರೇ?"

"ಡಿಗ್ರಿ ಬರ್ನಿಲ್ಲ ಅತ್ತೆಮ್ಮ," ಅಂದ ಚಿಕ್ಕಸ್ವಾಮಿ. ಬಾಯಲ್ಲಿ ಬಿಸಿತುಪ್ಪ.

"ನಮ್ಮನೆ ದ್ಯಾವ್ರಾಣೆಗೂ ಒಂದ್ ತೊಟ್ಟು ನೀರು ಆಕಿಲ್ಲ ನಾನು." ಪುಟ್ಟಗೌರಮ್ಮ ಬಲಗೈ ಮೇಲೆತ್ತಿದಳು. "ಆಕಿದ್ರೆ ಈ ಕೈ ಬಿದ್ದೋಗ್ಲಿ."

ಡೈರಿಯ ಸೆಕ್ರೆಟ್ರಿ ನಂಜಪ್ಪ ಒಳಗಿನಿಂದ ಎದ್ದು ಬಂದ. ಅವನು ಕೆಟ್ಟವನಲ್ಲ, ಆದರೆ ನಿಯಮ ಅಂದರೆ ಅವನಿಗೆ ಅವ್ವ ಮಾಡಿದ ಮುದ್ದೆ ಇದ್ದಂತೆ, ಸೇರಿದರೂ ಸೇರದಿದ್ದರೂ ಉಂಡೇ ತೀರಬೇಕು. ನಿಯಮ ಇದು: ಮೂರು ಸಲ ಹಾಲು ವಾಪಸ್ಸಾದರೆ ಅವರ ಸದಸ್ಯತ್ವ ಹೋಗುತ್ತದೆ, ಮತ್ತು ಡೈರಿಯ ಗೋಡೆಗೆ ನೇತುಹಾಕಿದ ಕರಿಹಲಗೆಯ ಮೇಲೆ 'ನೀರು ಬೆರೆಸಿದವರು' ಅಂತ ತಲೆಬರಹ ಕೊಟ್ಟು ಅವರ ಹೆಸರು ಬರೆಯುವುದು. ಬಸ್ಸಿಗೆ ಕಾಯುವವರು ನಿಲ್ಲುವುದೂ ಆ ಹಲಗೆಯ ಎದುರಿಗೇ.

"ಇದು ಒಂದ್ನೇದು ಕಣವ್ವ," ಅಂದ ನಂಜಪ್ಪ. "ಇನ್ನೆರಡದೆ. ಉಷಾರು."

ಪುಟ್ಟಗೌರಮ್ಮ ಕ್ಯಾನು ಎತ್ತಿಕೊಂಡು ತಲೆ ತಗ್ಗಿಸದೆ ಹೊರಟುಹೋದಳು. ಅವತ್ತು ಚಿಕ್ಕಸ್ವಾಮಿಯ ಮನೆಯಲ್ಲಿ ಪಾತ್ರೆಗಳು ಮಾತಾಡಿದವು. ಯಶೋದ ಇಡಬೇಕಾದ್ದನ್ನೆಲ್ಲ ಕುಕ್ಕಿದಳು. ಕೊನೆಗೆ ಗಂಡನ ಮುಂದೆ ತಟ್ಟೆಯಿಟ್ಟು, "ನಮ್ಮವ್ವ ಕಳ್ಳೀನಾ? ಅಷ್ಟ್ ಯೋಳ್ಬುಡಿ, ಉಣ್ಣಿ," ಅಂದಳು.

ಅವನು ಉಣ್ಣಲಿಲ್ಲ. ಯೋಚನೆಗೆ ಬಿದ್ದ. ಅತ್ತೆ ಸುಳ್ಳು ಹೇಳುವವಳಲ್ಲ. ಕಡ್ಡಿಯೂ ಇಷ್ಟು ವರ್ಷ ಸುಳ್ಳು ಹೇಳಿಲ್ಲ. ಇಬ್ಬರೂ ಸತ್ಯವಂತರೇ ಆದರೆ ಹಾಲು ಏನು? ಮಾರನೇ ದಿನ ನಂಜಪ್ಪನನ್ನೇ ಕೇಳಿದ.

"ನಂಜಪ್ಪಣ್ಣ, ಡಿಗ್ರಿ ಯಾಕೆ ಬರಕಿಲ್ಲ?"

"ನೀರು ಆಕುದ್ರೆ ಬರಕಿಲ್ಲ."

"ಆಕ್ದೆ ಇದ್ರೆ?"

"ಬತ್ತದೆ."

"ಆಕ್ದೇನೂ ಬರ್ದೆ ಇದ್ರೆ?"

ನಂಜಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿ, "ಓಗ್ಲಾ, ಓಗಿ ಒಸಿ ಮಜ್ಜಿಗೆ ಕುಡಿ. ಬಿಸ್ಲು ತಲೆಗೇರದೆ," ಅಂದ.

ಮಜ್ಜಿಗೆ ಕುಡಿಯಲಿಲ್ಲ, ಮಜ್ಜಿಗೆಗೆ ಕಡ್ಡಿ ಬಿಟ್ಟು ನೋಡಿದ. ಅಲ್ಲಿಂದ ಶುರುವಾಯಿತು. ನೀರಿಗೆ ಬಿಟ್ಟ, ಅಂಬಲಿಗೆ ಬಿಟ್ಟ, ಎಳನೀರಿಗೆ ಬಿಟ್ಟ. ಆಲೆಮನೆಗೆ ಹೋಗಿ ಕಬ್ಬಿನ ಹಾಲಿಗೆ ಬಿಟ್ಟರೆ ಕಡ್ಡಿ ಮುಳುಗುವುದೇ ಇಲ್ಲ, ಅಡ್ಡಕ್ಕೆ ಮಲಗಿಕೊಂಡಿತು. ಆಲೆಮನೆಯವರು ಬಿದ್ದು ಬಿದ್ದು ನಕ್ಕರು. ಡೈರಿಯ ಕಡ್ಡಿ ಅಂಟಂಟಾಯಿತೆಂದು ನಂಜಪ್ಪ ಬೈದ. ಚಿಕ್ಕಸ್ವಾಮಿಗೆ ಎರಡೂ ಕೇಳಿಸಲಿಲ್ಲ. ಇಸ್ಕೂಲಿನಲ್ಲಿ ಮೇಷ್ಟ್ರು 'ಸಾಂದ್ರತೆ, ಸಾಂದ್ರತೆ' ಅಂತ ಬಾಯಿಪಾಠ ಮಾಡಿಸಿದ್ದು ಇದನ್ನೇನೋ ಅಂತ ಮೊದಲ ಸಲ ಅನುಮಾನ ಬಂತು. ಪಾಸಾಗದೆ ಹೋದ ಪಾಠ ಹಾಲಿನ ಕ್ಯಾನಿನೊಳಗೆ ಕೂತಿದೆ ಅಂತ ಯಾರಾದರೂ ಆಗಲೇ ಹೇಳಿದ್ದರೆ ಅವನು ಅಷ್ಟು ಒದೆ ತಿನ್ನುತ್ತಿರಲಿಲ್ಲ.

ವಾರಕ್ಕೊಮ್ಮೆ ಕೃಷ್ಣರಾಜಪೇಟೆಯಿಂದ ಮೋಟರ್ ಬೈಕಿನಲ್ಲಿ ಬರುವ ಹಾಲು ಒಕ್ಕೂಟದ ವಿಸ್ತರಣಾಧಿಕಾರಿ ಶಿವಶಂಕರ್ ಅವರನ್ನು ಹಿಡಿದು ಕೇಳಿದ. ಅವರು ತಾಳ್ಮೆಯ ಮನುಷ್ಯ. ನಿಂತು ಹೇಳಿದರು. ಹಾಲಿನಲ್ಲಿ ಜಿಡ್ಡು ಹೆಚ್ಚಿದ್ದರೆ ಡಿಗ್ರಿ ಸ್ವಲ್ಪ ಇಳಿಯುತ್ತದೆ, ಯಾಕೆಂದರೆ ಕೆನೆ ಹಗುರ. ಕೆನೆ ತೆಗೆದರೆ ಡಿಗ್ರಿ ಏರುತ್ತದೆ.

ಚಿಕ್ಕಸ್ವಾಮಿಗೆ ತಲೆ ತಿರುಗಿತು. "ಅಂಗಾದ್ರೆ ಸಾ, ಕೆನೆ ತಗ್ದು ಮೋಸ ಮಾಡೋನ ಹಾಲು ಡಿಗ್ರಿ ಬತ್ತದೆ, ಕೆನೆ ಬುಟ್ಟು ನ್ಯಾಯವಾಗಿ ತಂದೋನ ಹಾಲು ಬರಕಿಲ್ಲ ಅಂತಾಯ್ತಲ್ಲ?"

"ಪೂರ್ತಿ ಹಾಗಲ್ಲ ಚಿಕ್ಕಸ್ವಾಮಿ. ಅದಕ್ಕೇ ಫ್ಯಾಟ್ ಬೇರೆ ನೋಡ್ತೀವಲ್ಲ. ಎರಡೂ ಸೇರಿಸಿ ತೀರ್ಮಾನ ಮಾಡಬೇಕು."

ಅವರು ಹೋದ ಮೇಲೆ ಅವನು ಡೈರಿಯ ಕಟ್ಟೆಯ ಮೇಲೆ ಕೂತೇ ಇದ್ದ. ಇಷ್ಟು ವರ್ಷ ಎಷ್ಟು ಕಳ್ಳರಿಗೆ 'ಬಂತು' ಅಂದಿದ್ದೇನೋ, ಎಷ್ಟು ಸಾಚಾಗಳಿಗೆ 'ಬರಲಿಲ್ಲ' ಅಂದಿದ್ದೇನೋ. ಡೈರಿಯ ಪುಸ್ತಕದಲ್ಲಿ ಅತ್ತೆಯ ಹಾಲಿನ ಜಿಡ್ಡು ನೋಡಿದರೆ ಅದೂ ಎಲ್ಲರಂತೆಯೇ ಇತ್ತು. ಹಾಗಾಗಿ ಆ ದಾರಿಯೂ ಮುಚ್ಚಿತು. ಕಲಿತಷ್ಟೂ ತಿಳಿಯಾಗುತ್ತದೆ ಅನ್ನುತ್ತಾರಲ್ಲ, ಅವನಿಗೆ ಕಲಿತಷ್ಟೂ ಬಗ್ಗಡವಾಯಿತು.

ಪುಟ್ಟಗೌರಮ್ಮ ಅಷ್ಟರಲ್ಲಿ ಡೈರಿಗೆ ಹಾಲು ಹಾಕುವುದು ನಿಲ್ಲಿಸಿದ್ದಳು. ಮನೆಯಲ್ಲೇ ಹೆಪ್ಪು ಹಾಕಿ ಮೊಸರನ್ನು ಕಿಕ್ಕೇರಿಗೆ ಕಳಿಸುತ್ತಿದ್ದಳು. ಊರ ಬಾಯಿಗೆ ಅಷ್ಟು ಸಾಕಾಯಿತು. "ಸಾಚಾ ಆಗಿದ್ರೆ ತರ್ತಿರ್ನಿಲ್ವಾ?" ಅಂದರು. ಯಶೋದ ನೀರಿಗೆ ಹೋದ ಕಡೆ ಆ ಮಾತು ಕೇಳಿಬಂದು ಅತ್ತಳು. ಯಾರದೋ ಹಾಲಾಗಿದ್ದರೆ ಚಿಕ್ಕಸ್ವಾಮಿ ಮರೆತಿರುತ್ತಿದ್ದ. ಆದರೆ ನಿಜ ಹೇಳಬೇಕೆಂದರೆ, ಈಗ ಅದು ಅತ್ತೆಯ ಹಾಲಿನ ಮಾತು ಮಾತ್ರವಾಗಿ ಉಳಿದಿರಲಿಲ್ಲ. ಉತ್ತರ ಸಿಗದೆ ಅವನಿಗೆ ನಿದ್ದೆ ಬರುತ್ತಿರಲಿಲ್ಲ.

ಒಂದು ದಿನ ಪಾಂಡವಪುರದ ಬಸ್ಸು ಹತ್ತಿದ. ಅಲ್ಲಿನ ಸಕ್ಕರೆ ಕಾರ್ಖಾನೆಯಲ್ಲಿ ಅವನ ಜೊತೆ ಓದಿದ ಸೋಮಯ್ಯ ಕೆಲಸಕ್ಕಿದ್ದ. ಕಬ್ಬಿನ ರಸದಲ್ಲಿ ಸಕ್ಕರೆ ಎಷ್ಟಿದೆ ಅಂತ ನೋಡುವ ಕಡೆ ಕೈಯಾಳು. ಚಿಕ್ಕಸ್ವಾಮಿ ತನ್ನ ಕಡ್ಡಿಯನ್ನು ಟವೆಲಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಹೋಗಿದ್ದ. ಸೋಮಯ್ಯ ನೋಡಿ ನಕ್ಕು, ತಾವು ಬಳಸುವ ಕಡ್ಡಿ ತಂದು ತೋರಿಸಿದ. ಅದೂ ಹೀಗೇ, ಅಣ್ಣತಮ್ಮಂದಿರಂತೆ. ಆದರೆ ಅದರ ಹೊಟ್ಟೆಯೊಳಗೆ ಇನ್ನೊಂದು ಸಣ್ಣ ಗೆರೆಯ ನಳಿಕೆ.

"ಇದ್ಯಾತಕ್ಲಾ?"

"ಕಾವು ನೋಡಕೆ ಕಣ್ಲಾ. ರಸ ಬಿಸಿ ಇದ್ರೆ ತೆಳ್ಳಗಾಯ್ತದೆ, ಕಡ್ಡಿ ಮುಳುಗ್ತದೆ. ಕಾವು ಎಷ್ಟದೆ ನೋಡ್ಕಂಡು ಕೂಡ್ಕಬೇಕು, ಇಲ್ಲಾಂದ್ರೆ ಲೆಕ್ಕ ತಪ್ಪೋಯ್ತದೆ."

ಚಿಕ್ಕಸ್ವಾಮಿ ಸೋಮಯ್ಯನನ್ನು ತಬ್ಬಿಕೊಂಡುಬಿಟ್ಟ. ಸೋಮಯ್ಯನಿಗೆ ಯಾಕಂತ ತಿಳಿಯಲಿಲ್ಲ. ಡೈರಿಗೆ ಹತ್ತಿರದ ಮನೆಯವರು, ಅತ್ತೆಯೂ ಸೇರಿ, ಹಾಲು ಕರೆದು ಕೆಚ್ಚಲ ಬಿಸಿ ಆರುವ ಮೊದಲೇ ಡೈರಿಗೆ ಓಡಿಬರುತ್ತಿದ್ದರು. ಬಿಸಿ ಹಾಲು ತೆಳುವಾಗಿ ಕಾಣುತ್ತದೆ! ಮಂಡ್ಯದ ತರಬೇತಿಯಲ್ಲೂ ಇದನ್ನು ಹೇಳಿದ್ದಿರಬೇಕು. ಆಗ ಅವನು ಮಧ್ಯಾಹ್ನದ ಊಟಕ್ಕೆ ಏನಿರಬಹುದು ಅಂತ ಯೋಚಿಸುತ್ತಿದ್ದ.

ಮಾರನೇ ಬೆಳಗ್ಗೆ ಡೈರಿಯಲ್ಲಿ ದೊಡ್ಡತಾಯಮ್ಮನ ಹಾಲು ಡಿಗ್ರಿ ಬರಲಿಲ್ಲ. ಬಾಯಿ ಜೋರಿನ ಹೆಂಗಸು, ಸಾಲಿನಲ್ಲೇ ರಾಮಾಯಣ ಶುರುಮಾಡಿದಳು. "ತಡೀರಿ," ಅಂದ ಚಿಕ್ಕಸ್ವಾಮಿ. ತೊಟ್ಟಿಯ ತಣ್ಣೀರಿನಲ್ಲಿ ಅವಳ ಹಾಲಿನ ಲೋಟ ಇಟ್ಟ. ಎಲ್ಲರೂ ಸುತ್ತ ನಿಂತರು. ಆರಿದ ಮೇಲೆ ಕಡ್ಡಿ ಬಿಟ್ಟ. ಕಡ್ಡಿ ಮೇಲೆದ್ದು ಗೆರೆಗೆ ನಿಂತಿತು. ನಂಜಪ್ಪ ಬಗ್ಗಿ ನೋಡಿದ, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ. ದೊಡ್ಡತಾಯಮ್ಮ, "ನನ್ ಗಂಡ ನಂಬ್ದೇ ಇದ್ರೂ ಈ ಮಗ ನಂಬ್ದ," ಅಂತ ಚಿಕ್ಕಸ್ವಾಮಿಯ ನೆಟಿಗೆ ಮುರಿದಳು. ಶಿವಶಂಕರ್ ಬಂದಾಗ ಹೌದೆಂದು ಒಪ್ಪಿಕೊಂಡು, ಡೈರಿಗೊಂದು ಥರ್ಮಾಮೀಟರು ತರಿಸಿಕೊಟ್ಟರು. ಅಂದಿನಿಂದ ಸಂಶಯ ಬಂದ ಹಾಲನ್ನು ಆರಿಸಿ ನೋಡುವ ಪದ್ಧತಿಯಾಯಿತು.

ಚಿಕ್ಕಸ್ವಾಮಿ ಅತ್ತೆಯ ಮನೆಗೆ ತಾನೇ ಹೋಗಿ ಜಗುಲಿಯ ಮೇಲೆ ಕೂತು ಹೇಳಿದ. "ನಾಳಿಕ್ಕೆ ತನ್ನಿ ಅತ್ತೆಮ್ಮ. ತಪ್ಪು ನಿಮ್ಮದಲ್ಲ, ಕಾವಿನದು. ನಾನು ಕಲ್ತ್ಕಂಡಿವ್ನಿ."

ಪುಟ್ಟಗೌರಮ್ಮ ಬಾಗಿಲ ಮರೆಯಿಂದ, "ನಂಗ್ ಗೊತ್ತಿತ್ತು," ಅಂದಳು. ಅವಳ ದನಿಯಲ್ಲಿದ್ದ ಸಮಾಧಾನ ಕೇಳಿ ಅವನಿಗೆ ಹೊಟ್ಟೆ ತಂಪಾಯಿತು.

ಮಾರನೇ ದಿನ ಅವಳು ತೊಳೆದ ಸೀರೆಯುಟ್ಟು, ಹಣೆಗೆ ವಿಭೂತಿ ಇಟ್ಟು ಬಂದಳು. ಡೈರಿಯ ಮುಂದೆ ಜಾತ್ರೆಯಷ್ಟು ಜನ. ಚಿಕ್ಕಸ್ವಾಮಿ ಹಾಲನ್ನು ತಣ್ಣೀರಿನಲ್ಲಿಟ್ಟ, ಆರುವವರೆಗೆ ಕಾದ, ಕಾವು ನೋಡಿದ, ಕಡ್ಡಿ ಬಿಟ್ಟ. ಕಡ್ಡಿ ಗೆರೆ ದಾಟಿ ಕೆಳಕ್ಕಿಳಿಯಿತು. ತೆಗೆದು ಒರೆಸಿ ಮತ್ತೆ ಬಿಟ್ಟ. ಮತ್ತೆ ಇಳಿಯಿತು.

ನಿನ್ನೆಯವರೆಗೆ ಕಾವಿನ ಮೇಲೆ ಹೇಳಬಹುದಿತ್ತು, ಕೆನೆಯ ಮೇಲೆ ಹೇಳಬಹುದಿತ್ತು. ಈಗ ಅವನೇ ಒಂದೊಂದಾಗಿ ಕಲಿತು ಎಲ್ಲ ಬಾಗಿಲನ್ನೂ ಮುಚ್ಚಿದ್ದ. ಉಳಿದದ್ದು ಒಂದೇ ಬಾಗಿಲು, ಅದರ ಮೇಲೆ ನೀರು ಅಂತ ಬರೆದಿತ್ತು. ಅತ್ತೆಯನ್ನು ಕಾಪಾಡಲು ಕಲಿತ ವಿದ್ಯೆ ಅತ್ತೆಯ ಕೊರಳಿಗೇ ಬಂತು.

"ಎರಡ್ನೇದು," ಅಂದ ನಂಜಪ್ಪ, ನೆಲ ನೋಡುತ್ತ. "ಯುಗಾದಿ ಕಳದ್ ಮ್ಯಾಲೆ ಇನ್ನೊಂದ್ ದಪ ತಾರವ್ವ. ಅದೂ ಬರ್ನಿಲ್ಲ ಅಂದ್ರೆ ನಾನೇನ್ ಮಾಡ್ಲಿ?"

ಆಮೇಲಿನ ಚಿಕ್ಕಸ್ವಾಮಿಯನ್ನು ಕಂಡವರು ಅವನಿಗೆ ಗಾಳಿ ಹಿಡಿದಿದೆ ಅಂದುಕೊಂಡರೆ ತಪ್ಪಿಲ್ಲ. ಬೆಳಕು ಹರಿಯುವ ಹೊತ್ತಿಗೆ ಕಡ್ಡಿ, ಥರ್ಮಾಮೀಟರು, ಲೋಟ ಹಿಡಿದು ಅತ್ತೆಯ ಕೊಟ್ಟಿಗೆಗೇ ಹೋದ. ಹಸು ಆಗ ಗಬ್ಬವಾಗಿತ್ತು, ಹಾಲು ಬತ್ತುತ್ತ ಬಂದಿತ್ತು. ಕರೆದ ಹಾಲಿನಿಂದ ಅಲ್ಲೇ ಒಂದು ಲೋಟ ಎತ್ತಿಕೊಂಡು, ಆರಿಸಿ, ಕಡ್ಡಿ ಬಿಟ್ಟ. ಡಿಗ್ರಿ ಬಂತು. ಚೊಕ್ಕವಾಗಿ ಬಂತು. ಅವಳು ಒಳಕ್ಕೆ ಹೋಗಿ ಕ್ಯಾನು ಹಿಡಿದು ಬಂದಳು. ಅದೇ ಹಾಲನ್ನು, ಡೈರಿಯ ಬಾಗಿಲು ತೆಗೆಯುವ ಮೊದಲೇ, ಯಾರಿಗೂ ಕಾಣದಂತೆ ಅಲ್ಲಿ ಮತ್ತೆ ಆರಿಸಿ ಅಳೆದ. ಬರಲಿಲ್ಲ.

ಕೊಟ್ಟಿಗೆಯಲ್ಲಿ ಬಂದದ್ದು ಡೈರಿಯಲ್ಲಿ ಬರುವುದಿಲ್ಲ. ನಡುವೆ ಇರುವುದು ಒಂದು ಬೀದಿ. ಬೀದಿಯಲ್ಲಿ ಹಾಲಿಗೆ ಏನಾಗುತ್ತದೆ? ಕ್ಯಾನಿನ ಲೋಹವೇನಾದರೂ ಇರಬಹುದೆಂದು ಬೇರೆ ಕ್ಯಾನು ಕೊಟ್ಟ. ಕುಲುಕಾಟವಿರಬಹುದೆಂದು ಒಂದು ತಂಬಿಗೆ ಹಾಲನ್ನು ತಾನೇ ಬೀದಿಯುದ್ದಕ್ಕೂ ಕುಲುಕಿಕೊಂಡು ಓಡಾಡಿದ. ನಾಯಿಗಳು ಹಿಂದೆ ಬಂದವು. ಅತ್ತೆ ಮನೆಯಿಂದ ಹೊರಟರೆ ಹಿಂದೆ ಹಿಂದೆ ಪೊಲೀಸಿನವನಂತೆ ನಡೆದು ನೋಡಿದ. ಅವಳು ಎಲ್ಲೂ ನಿಲ್ಲಲಿಲ್ಲ, ಯಾರೊಡನೆಯೂ ಮಾತಾಡಲಿಲ್ಲ. "ಅತ್ತೆ ಇಂದೆ ಅಳಿಯ ಯಾಕ್ಲಾ ಸುತ್ತೀಯೆ? ಅದು ದಿಷ್ಟಿ ಕಣ್ಲಾ, ದಿಷ್ಟಿ," ಅಂದಳು ದೊಡ್ಡತಾಯಮ್ಮ. ವಿಜ್ಞಾನ ಕಲಿಯಲು ಹೊರಟವನು ಅದಕ್ಕೂ ಒಪ್ಪಿ ಕ್ಯಾನಿಗೆ ಮೆಣಸಿನಕಾಯಿ ನಿವಾಳಿಸಿ ಬೆಂಕಿಗೆ ಹಾಕಿದ. ಕೆಮ್ಮು ಬಂತು, ಡಿಗ್ರಿ ಬರಲಿಲ್ಲ.

ಅವನು ನೋಡದೆ ಉಳಿದಿದ್ದ ಜಾಗ ಒಂದೇ. ಅತ್ತೆಯ ಅಡುಗೆಮನೆ. ಅಳಿಯನಾದವನು ಅತ್ತೆಮನೆಯ ಒಲೆಯ ಹತ್ತಿರ ಹೋಗುವ ವಾಡಿಕೆ ಆ ಕಡೆ ಇಲ್ಲ. ಅವನ ಜಾಗ ಜಗುಲಿ, ಹೆಚ್ಚೆಂದರೆ ಪಡಸಾಲೆ. ಮದುವೆಯಾಗಿ ಅಷ್ಟು ವರ್ಷವಾದರೂ ಆ ಹೊಸಿಲು ದಾಟಿದವನಲ್ಲ. ಯುಗಾದಿ ಕಳೆದ ಮೇಲೆ ಒಂದು ಬೆಳಗ್ಗೆ, ಹಾಲಿನ ಪಾತ್ರೆ ಹಿಡಿದು ಒಳಗೆ ಹೋದ ಅತ್ತೆಯ ಹಿಂದೆ ಅವನೂ ಹೋಗಿ ಅಡುಗೆಮನೆಯ ಬಾಗಿಲಲ್ಲಿ ನಿಂತ. ಅವಳು ಸೆರಗು ಎಳೆದುಕೊಂಡು ಗಾಬರಿಯಿಂದ, "ಏನ್ ಬೇಕಿತ್ತು ಅಳಿಯಂದ್ರೇ?" ಅಂದಳು.

"ಏನಿಲ್ಲ. ನೀವು ಮಾಡೋದು ಮಾಡಿ."

ಅವಳು ಕರೆದ ಹಾಲನ್ನು ಬಟ್ಟೆಯಲ್ಲಿ ಸೋಸಿ ಕ್ಯಾನಿಗೆ ಸುರಿದಳು. ಕರೆದ ಪಾತ್ರೆಯ ಒಳಮೈಗೆ ಹಾಲು ಬೆಳ್ಳಗೆ ಅಂಟಿಕೊಂಡಿತ್ತು. ಒಂದು ಚೊಂಬು ನೀರು ಅದಕ್ಕೆ ಹಾಕಿ, ಕೈಯಾಡಿಸಿ ಸುತ್ತ ತೊಳೆದು, ಆ ಬೆಳ್ಳನೆಯ ನೀರನ್ನು ಕ್ಯಾನಿಗೆ ಸುರಿದು ಮುಚ್ಚಳ ಹಾಕಿದಳು.

"ಅತ್ತೆಮ್ಮ, ಅದೇನು ಈಗ ಉಯ್ದ್ರಲ್ಲ?"

"ಪಾತ್ರೆಗೆ ಅಂಟ್ಕಂಡಿರೋ ಆಲು."

"ನೀರು ಆಕುದ್ರಲ್ಲ."

"ನೀರೆಲ್ಲಿ ಆಕ್ದೆ? ತೊಳ್ದೆ." ಅವಳಿಗೆ ಅವನ ಪ್ರಶ್ನೆಯೇ ಅರ್ಥವಾಗಲಿಲ್ಲ. "ಅಂಟ್ಕಂಡ್ ಆಲ್ನ ಬಚ್ಚಲಿಗೆ ಬುಡಕಾಯ್ತದಾ? ಯಾರಾರ ತುಳುದ್ರೆ ಅಸೂಗೆ ಕೆಚ್ಚಲು ಬಾವು ಬತ್ತದೆ. ನಮ್ಮವ್ವನೂ ಅಂಗೇ ಮಾಡ್ತಿದ್ಲು."

ಚಿಕ್ಕಸ್ವಾಮಿ ಗೋಡೆಗೆ ಒರಗಿದ. ಅವಳ ಮುಖದಲ್ಲಿ ಕಳ್ಳತನದ ಒಂದು ನೆರಳೂ ಇಲ್ಲ. ಅವಳು ಸುಳ್ಳು ಹೇಳಿಲ್ಲ. ಅವಳ ಮಾತಿನಲ್ಲಿ ನೀರು ಹಾಕುವುದು ಬೇರೆ, ತೊಳೆಯುವುದು ಬೇರೆ. 'ನೀರು ಹಾಕಿದ್ದೀರಾ' ಅಂತ ಇನ್ನು ನೂರು ವರ್ಷ ಕೇಳಿದ್ದರೂ ಇಲ್ಲ ಅನ್ನುತ್ತಿದ್ದಳು, ಮತ್ತು ಅದು ಸತ್ಯವೇ ಆಗಿರುತ್ತಿತ್ತು. ಮೊದಲೆಲ್ಲ ಹಸು ಪಾತ್ರೆ ತುಂಬ ಕರೆಯುತ್ತಿತ್ತು. ಆ ಹಾಲಿನಲ್ಲಿ ಒಂದು ಚೊಂಬು ಲೆಕ್ಕಕ್ಕೇ ಬರುತ್ತಿರಲಿಲ್ಲ. ಈಗ ಹಾಲು ಇಳಿದಿದೆ, ಚೊಂಬು ಮಾತ್ರ ಅಷ್ಟೇ ಇದೆ. ಇಷ್ಟೇ ಸಂಗತಿ. ಪಾಂಡವಪುರಕ್ಕೆ ಹೋಗಿ ಹುಡುಕಿದ್ದು ನಾಲ್ಕು ಬಾಗಿಲಾಚೆ ಒಲೆಯ ಪಕ್ಕದಲ್ಲಿತ್ತು.

ಉತ್ತರ ಸಿಕ್ಕಿದವನಿಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ನಂಜಪ್ಪನಿಗೆ ಹೇಳಿದರೆ ಅವನು ಕೇಳುವುದು 'ನೀರು ಬಿತ್ತೋ ಇಲ್ಲವೋ' ಅಷ್ಟೇ. ಬಿತ್ತು. ಹಲಗೆಯ ಮೇಲೆ ಹೆಸರು ಬರುತ್ತದೆ. ಸುಮ್ಮನಿದ್ದರೆ ಮೂರನೇ ಸಲವೂ ಡಿಗ್ರಿ ಬರುವುದಿಲ್ಲ, ಆಗಲೂ ಬರುತ್ತದೆ. ಅತ್ತೆಗೆ ಹೇಳಿದರೆ ಹಾಲು ಸರಿಹೋಗುತ್ತದೆ. ಆದರೆ ಎಲ್ಲರ ಮುಂದೆ ಕೈಯೆತ್ತಿ ದೇವರ ಆಣೆ ಮಾಡಿದವಳಿಗೆ ಹೇಗೆ ಹೇಳುವುದು? ಅಂದು ಅವನು, "ಇವತ್ತು ಡೈರಿಗೆ ತರ್ಬ್ಯಾಡಿ ಅತ್ತೆಮ್ಮ," ಅಂತಷ್ಟೇ ಹೇಳಿ ಹೊರಟುಬಂದ. ಯಶೋದಳಿಗೆ ಎಲ್ಲ ವಿವರಿಸಿ, "ನೀನೇ ಯೋಳು, ನಿಮ್ಮವ್ವ ತಾನೆ," ಅಂದ.

"ಕಲ್ತೋರು ನೀವು," ಅಂದಳು ಯಶೋದ. "ಕಲ್ತ ಮ್ಯಾಲೆ ಯೋಳೋದೂ ನಿಮ್ದೇ."

ಮಾರನೇ ಬೆಳಗ್ಗೆ ಹೋದ. ಬಾಯಿಂದ ಹೇಳಲಾರದೆ ಕೈಯಿಂದ ಹೇಳಿದ. ತೊಳೆದ ನೀರು ಸೇರಿಸುವ ಮೊದಲು ಒಂದು ಲೋಟ ಹಾಲು ತೆಗೆದಿಟ್ಟ, ಸೇರಿಸಿದ ಮೇಲೆ ಇನ್ನೊಂದು ಲೋಟ. ಎರಡೂ ಆರಿದವು. ಮೊದಲನೆಯದಕ್ಕೆ ಕಡ್ಡಿ ಬಿಟ್ಟ, ನಿಂತಿತು. ಎರಡನೆಯದಕ್ಕೆ ಬಿಟ್ಟ, ಇಳಿಯಿತು. ಪುಟ್ಟಗೌರಮ್ಮ ಮಣೆಯ ಮೇಲೆ ಕೂತು ಎರಡನ್ನೂ ನೋಡಿದಳು. ಇನ್ನೊಂದು ಸಲ ತೋರಿಸಲು ಹೇಳಿದಳು. ತೋರಿಸಿದ.

"ಅಂಗಾದ್ರೆ," ಅಂದಳು. "ನಾನು ಆಣೆ ಮಾಡಿದ್ದು?"

ಕೆನೆಯದ್ದು ಕೇಳಿದ್ದರೆ ಹೇಳುತ್ತಿದ್ದ, ಕಾವಿನದ್ದು ಕೇಳಿದ್ದರೆ ಹೇಳುತ್ತಿದ್ದ. ಲೋಟಗಳನ್ನು ತೆಗೆದುಕೊಂಡು ಹೊರಗೆ ಬಂದು ಜಗುಲಿಯ ಮೇಲೆ ಕೂತ. ಕಲಿಯದೇ ಇದ್ದಿದ್ದರೆ ಚೆನ್ನಾಗಿತ್ತೇನೋ ಅಂತ ಅವತ್ತು ಅವನಿಗೆ ನಿಜವಾಗಿ ಅನ್ನಿಸಿತು.

ಆದರೆ ಅವಳು ಪುಟ್ಟಗೌರಮ್ಮ. ಅದರ ಮಾರನೇ ಬೆಳಗ್ಗೆ ಕ್ಯಾನು ಹಿಡಿದು ಸಾಲಿನಲ್ಲಿ ಬಂದು ನಿಂತಳು. ಅವಳ ಸರದಿ ಬಂದಾಗ ಚಿಕ್ಕಸ್ವಾಮಿ ಕಡ್ಡಿ ಎತ್ತಿದ. "ತಡೀರಿ," ಅಂದಳು. ಎಲ್ಲರ ಕಡೆ ತಿರುಗಿ ನಿಂತಳು.

"ಕೇಳ್ರವ್ವ. ನಾನು ಆಲು ಕರ್ದ ಪಾತ್ರೆ ತೊಳ್ದು, ತೊಳ್ದಿದ್ದನ್ನೂ ಕ್ಯಾನ್ಗೇ ಉಯ್ತಿದ್ದೆ. ಅದು ನೀರು ಅಂತ ನಂಗೆ ಗೊತ್ತಿರ್ನಿಲ್ಲ. ಗೊತ್ತಿಲ್ದೆ ಆಣೆ ಮಾಡ್ಬುಟ್ಟೆ. ನಂಜಪ್ಪ, ಬರ್ಕೊಳಾಗಿದ್ರೆ ಬರ್ಕೊ."

ನಂಜಪ್ಪ ಸೀಮೆಸುಣ್ಣ ಹಿಡಿದುಕೊಂಡು ನಿಂತಿದ್ದ. ಸಾಲಿನ ಹಿಂದಿನಿಂದ ದೊಡ್ಡತಾಯಮ್ಮನ ದನಿ: "ಅದ್ಯಾಕವ್ವ ನಿನ್ನೊಬ್ಬಳ್ನೇ ಬರ್ಕತಾನೆ? ತೊಳ್ದಿದ್ದ ನಾವೇನ್ ಬಚ್ಚಲಿಗೆ ಬುಟ್ಟ್ ಬತ್ತೀವಾ? ನಾನೂ ಉಯ್ತೀನಿ. ಎಲ್ಲಾ ಉಯ್ತಾರೆ. ಬರ್ಕಳಲಿ, ನೋಡಾನ, ಆ ಅಲ್ಗೆ ಸಾಲ್ತದಾ ಅಂತ."

ಒಬ್ಬಳು ಮೊದಲು ನಕ್ಕಳು, ಆಮೇಲೆ ಸಾಲಿಗೆ ಸಾಲೇ ನಕ್ಕಿತು. ನಂಜಪ್ಪ ಮನೆಯಲ್ಲಿ ತನ್ನ ಹೆಂಡತಿ ಏನು ಮಾಡುತ್ತಾಳೆಂದು ನೆನಪಾದವನಂತೆ ಕೆಮ್ಮಿ, ಸೀಮೆಸುಣ್ಣ ಕೆಳಗಿಟ್ಟ. ಚಿಕ್ಕಸ್ವಾಮಿ ಕಡ್ಡಿ ಬಿಟ್ಟ. ಡಿಗ್ರಿ ಬಂತು. 'ಬಂತು' ಅನ್ನುವ ಬದಲು ತಲೆಯಾಡಿಸಿದ. ಇಷ್ಟು ವರ್ಷ ಅವನು 'ಬಂತು' ಅಂದ ಹಾಲಿನಲ್ಲೆಲ್ಲ ತೊಳೆದ ನೀರಿತ್ತು! ಹಾಗಾದರೆ ಯಾವುದು ಬಂದದ್ದು, ಯಾವುದು ಬರಲಿಲ್ಲ? ಅವನ ತಲೆ ಮತ್ತೆ ಮೊದಲಿನಿಂದ ತಿರುಗತೊಡಗಿತು.

ಆ ತಿರುಗಾಟವೇ ಮುಂದೆ ಅವನಿಗೆ ದಾರಿಯಾಯಿತು ಅನ್ನುವುದು ಬೇರೆ ಮಾತು. ಶಿವಶಂಕರ್ ಅವನನ್ನು ಬೇರೆ ಊರುಗಳಿಗೆ ಕರೆದುಕೊಂಡು ಹೋದರು. ಮೊದಲು ಕೃಷ್ಣರಾಜಪೇಟೆಯ ಸುತ್ತಮುತ್ತ, ಆಮೇಲೆ ನಾಗಮಂಗಲದ ಕಡೆಗೆ. ಹಾಲು ನೋಡುವ ಹೊಸಬರಿಗೆ ಅವನು ಕಲಿಸಬೇಕಿತ್ತು. ಅವನಿಗೆ ಭಾಷಣ ಬರುತ್ತಿರಲಿಲ್ಲ. 'ನೀರು ಹಾಕಿದ್ರಾ ಅಂತ ಕೇಳಬೇಡಿ, ಪಾತ್ರೆ ಹೇಗೆ ತೊಳೀತೀರಿ ಅಂತ ಕೇಳಿ' ಅನ್ನುತ್ತಿದ್ದ. ಕೆಲವು ವರ್ಷ ಕಳೆದು, ಮೂವತ್ತು ದಾಟಿದ ಮೇಲೆ, ಮೂರನೇ ಸಲ ವಿಜ್ಞಾನದ ಪರೀಕ್ಷೆಗೆ ಕೂತು ಪಾಸಾದ.

ಆದರೆ ಅತ್ತೆಯ ಹಾಲಿಗೆ ಡಿಗ್ರಿ ಬಂದ ಆ ದಿನ ಸಂಜೆ ಅವನು ಇನ್ನೂ ಗೊಂದಲದಲ್ಲೇ ಅವಳ ಮನೆಗೆ ಹೋದ. ಈಗ ಅಡುಗೆಮನೆಯ ಬಾಗಿಲಲ್ಲಿ ನಿಲ್ಲಲು ಅವನಿಗೆ ಸಂಕೋಚವಿರಲಿಲ್ಲ, ಅವಳಿಗೂ ಇರಲಿಲ್ಲ. ಅವಳು ಹಾಲು ಸೋಸಿ ಕ್ಯಾನಿಗೆ ಸುರಿದು ಮುಚ್ಚಳ ಹಾಕಿದಳು. ಪಾತ್ರೆಗೆ ನೀರು ಹಾಕಿ ಕೈಯಾಡಿಸಿದಳು. ಅವಳ ಕೈ ತಾನಾಗಿಯೇ ಕ್ಯಾನಿನ ಕಡೆ ಹೋಗಿ ನಿಂತಿತು. ಬಚ್ಚಲಿನ ಕಡೆ ನೋಡಿದಳು. ಅಲ್ಲಿಗೂ ಸುರಿಯಲಾರದೆ ಪಾತ್ರೆ ಹಿಡಿದುಕೊಂಡು ನಿಂತಳು. ಆಮೇಲೆ ಎತ್ತಿ ಬಾಯಿಗಿಟ್ಟು, ನಿಂತಲ್ಲೇ, ಪೂರ್ತಿ ಕುಡಿದಳು.

ಹಸು ಕಟ್ಟಿದಂದಿನಿಂದ ಅವಳ ಮನೆಯ ಹಾಲೆಲ್ಲ ಮಾರಾಟಕ್ಕೇ ಹೋಗುತ್ತಿತ್ತು. ಅವಳು ಕುಡಿಯುತ್ತಿದ್ದದ್ದು ಬೆಲ್ಲ ಹಾಕಿದ ಕರಿ ಕಾಫಿ.

ಸೆರಗಿನಿಂದ ತುಟಿ ಒರೆಸಿಕೊಂಡು ಅವಳು ಅಳಿಯನ ಕಡೆ ನೋಡಿದಳು. "ನಮ್ ಅಸೂನ ಆಲು ಸೀ ಅದೆ ಕಣ್ರಪ್ಪ," ಅಂದಳು. "ನಂಗೆ ಗೊತ್ತೇ ಇರ್ನಿಲ್ಲ."